ಎಂಆರ್‌ಐ ವರದಿಯಲ್ಲಿ ‘ಎಡ–ಬಲ ಅಸಮತೆ’ ಅಂತಿದ್ದರೆ ಅದು ಮಾನಸಿಕ ಕಾಯಿಲೆಯ ಗುರುತಾ?

ಕೆರೆಕೋಡಿ (ಶಿರಸಿ):
ಶಿರಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಸುತ್ತುತ್ತಾ ಇದೆ. ಸ್ಕಿಜೋಫ್ರೇನಿಯಾ (ಭ್ರಮೆ ಹುಟ್ಟುವ, ಇಲ್ಲದ ಧ್ವನಿ ಕೇಳಿಸುವ ಕಾಯಿಲೆ) ಅಂದರೆ ಬಲಮೆದುಳು ಎಡಮೆದುಳಿನ ಮೇಲೆ ಸವಾರಿ ಮಾಡೋದು, ಖಿನ್ನತೆ ಅಂದರೆ ಎಡಮೆದುಳು ಮಲಗಿರೋದು, ಬೈಪೋಲಾರ್ (ಉನ್ಮಾದ–ಖಿನ್ನತೆ) ಅಂದರೆ ಎರಡರ ಜಗಳ ಅಂತೆ. ಪರಿಹಾರ ಒಂದು ಹೊಳ್ಳೆಯ ಉಸಿರಾಟ, ಎಡಗೈ ಬರವಣಿಗೆ, ಮೇಲೆ ದುಡ್ಡು ಕೊಟ್ಟು ಶಿಬಿರ. ಇದನ್ನು ನೋಡಿದವರು ಹಳೇ ಎಂಆರ್‌ಐ ವರದಿ ಹುಡುಕಿ ತೆಗೆದು ‘ಲ್ಯಾಟರಲ್ ವೆಂಟ್ರಿಕಲ್‌ಗಳಲ್ಲಿ ಅಲ್ಪ ಅಸಮತೆ’ ಅನ್ನೋ ಸಾಲಿಗೆ ಗೆರೆ ಎಳೆದು ಕೇಳ್ತಿದ್ದಾರೆ. ಎಡಗೈ ಮಕ್ಕಳಿರುವ ಮನೆಯವರಿಗೂ ಗಾಬರಿ. ವಿಷಯ ಗೊತ್ತಿದ್ದವರು ಇದರಲ್ಲಿ ನಿಜ ಎಷ್ಟು ಅಂತ ಬಿಡಿಸಿ ಹೇಳ್ತೀರಾ?

ಫಿಲ್ಮ್‌ಬಾಕ್ಸ್:
ಆ ಸಾಲಿಗೆ ಏನೂ ಅರ್ಥ ಇಲ್ಲ. ವೆಂಟ್ರಿಕಲ್ ಅಂದರೆ ಮೆದುಳೊಳಗಿನ ನೀರಿನ ಕುಹರ. ಎಡಭಾಗದ್ದು ಸ್ವಲ್ಪ ದೊಡ್ಡದಿರೋದು ಆರೋಗ್ಯವಂತರಲ್ಲೂ ಮಾಮೂಲು. ಒಟ್ಟು ಮೆದುಳೇ ತುಸು ತಿರುಚಿಕೊಂಡಿರುತ್ತದೆ: ಮುಂದೆ ಬಲಭಾಗ ಉಬ್ಬು, ಹಿಂದೆ ಎಡಭಾಗ ಉಬ್ಬು. ಎರಡೂ ಕಡೆ ಅಚ್ಚು ಹೊಡೆದ ಹಾಗಿದ್ದರೇ ಅಪರೂಪ.

ಇನ್ನೊಂದು ಗಮನಿಸಿ. ತಲೆ ಓರೆಯಾಗಿ ಮಲಗಿಸಿದ್ದರೆ ಒಂದೇ ಸ್ಲೈಸ್ ಎಡಕ್ಕೆ ಒಂದು ಎತ್ತರದಲ್ಲಿ, ಬಲಕ್ಕೆ ಇನ್ನೊಂದು ಎತ್ತರದಲ್ಲಿ ಕತ್ತರಿಸುತ್ತದೆ. ಆಗ ಇಲ್ಲದ ಅಸಮತೆ ಹುಟ್ಟಿಕೊಳ್ಳುತ್ತದೆ. ಎರಡೂ ಕಿವಿಯ ಒಳನಾಳ ಒಂದೇ ಸ್ಲೈಸ್‌ನಲ್ಲಿ ಬಂದಿದೆಯಾ ಅಂತ ನೋಡಿ. ಬಂದಿಲ್ಲ ಅಂದರೆ ಅದು ದಿಂಬಿನ ತಪ್ಪು, ಮೆದುಳಿನದ್ದಲ್ಲ.

ಬಾವಿಕಟ್ಟೆ:
ಹಂಗಾರೆ ಎಂಆರ್‌ಐ ಮಾಡ್ಸದು ಎಂತಕ್ಕೆ? ದುಡ್ಡು ದಂಡ ಆತಲ.

ಅಘನಾಶಿನಿ ಅಳಿವೆ:
ಮಾಡಿಸೋದು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ, ಸ್ಕಿಜೋಫ್ರೇನಿಯಾ ಹುಡುಕೋಕಲ್ಲ. ನಲವತ್ತು ದಾಟಿದ ಮೇಲೆ ಮೊದಲ ಸಲ ಭ್ರಮೆ ಶುರುವಾಗಿದ್ದರೆ, ಜೊತೆಗೆ ಫಿಟ್ಸ್, ಹೊಸ ತಲೆನೋವು, ಒಂದು ಕಡೆ ಬಲಹೀನತೆ, ತಲೆಗೆ ಏಟು, ಜ್ವರ, ದಿಢೀರ್ ಗೊಂದಲ ಇದ್ದರೆ ಸ್ಕ್ಯಾನ್ ಬೇಕೇ ಬೇಕು. ಗಡ್ಡೆ, ರಕ್ತಸ್ರಾವ, ಮೆದುಳುರಿ (ಮೆದುಳಿನ ಉರಿಯೂತ) ತಪ್ಪಿಸಿಕೊಳ್ಳಬಾರದು. ಎನ್‌ಎಂಡಿಎ ರಿಸೆಪ್ಟರ್ (ನರಕೋಶದ ಮೇಲಿನ ಒಂದು ಗ್ರಾಹಕ) ವಿರುದ್ಧ ಪ್ರತಿಕಾಯ ಹುಟ್ಟುವ ಮೆದುಳುರಿ ಗುರುತಾಗಿದ್ದೇ 2007ರಲ್ಲಿ. ಅದರಲ್ಲಿ ಸ್ಕ್ಯಾನ್ ಸರಿ ಇದ್ದರೂ ಬೆನ್ನುಹುರಿ ನೀರಿನ ಪರೀಕ್ಷೆ ಬೇಕಾಗುತ್ತದೆ. ಸ್ಕಿಜೋಫ್ರೇನಿಯಾ ಇರುವ ಹೆಚ್ಚಿನವರ ವರದಿಯಲ್ಲಿ ಬರೋದು ‘ನಾರ್ಮಲ್’ ಅಂತಲೇ. ಅಂದ ಮಾತ್ರಕ್ಕೆ ಕಾಯಿಲೆ ಸುಳ್ಳು ಅಂತಲ್ಲ.

ಚಂಡೆಪೆಟ್ಟು:
ಆದರೆ ವಿಡಿಯೋದವರು ಪೂರ್ತಿ ಗಾಳಿಯಲ್ಲಿ ಗುದ್ದಿದ್ದಾರೆ ಅಂತಲೂ ಹೇಳಬೇಡಿ. ಈ ವಿಚಾರಕ್ಕೆ ಗಟ್ಟಿ ಇತಿಹಾಸ ಇದೆ. 1861ರಲ್ಲಿ ಬ್ರೋಕಾ, 1874ರಲ್ಲಿ ವೆರ್ನಿಕೆ ಅನ್ನೋ ವೈದ್ಯರು, ಭಾಷೆ ಎಡಕ್ಕೆ ಅಂತ ತೋರಿಸಿದರು. 1968ರಲ್ಲಿ ಗೆಶ್ವಿಂಡ್ ಮತ್ತು ಲೆವಿಟ್‌ಸ್ಕಿ 100 ಮೆದುಳು ಅಳೆದು, ಕಿವಿಯ ಹತ್ತಿರದ ಪ್ಲೇನಮ್ ಟೆಂಪೊರಾಲೆ ಅನ್ನೋ ಜಾಗ 65ರಲ್ಲಿ ಎಡಕ್ಕೆ ದೊಡ್ಡದು, 11ರಲ್ಲಿ ಬಲಕ್ಕೆ ದೊಡ್ಡದು, 24ರಲ್ಲಿ ಸಮ ಅಂದರು. ಮರುವರ್ಷ ಫ್ಲೋರ್-ಹೆನ್ರಿ, ಟೆಂಪೊರಲ್ ಲೋಬ್ (ಕಿವಿಯ ಪಕ್ಕದ ಮೆದುಳಿನ ಭಾಗ) ಫಿಟ್ಸ್ ಜೊತೆ ಮನೋವಿಕಾರವೂ ಇದ್ದವರನ್ನು ನೋಡಿ, ಮೂಲ ಎಡಕ್ಕಿದ್ದರೆ ಸ್ಕಿಜೋಫ್ರೇನಿಯಾ ಥರ, ಬಲಕ್ಕಿದ್ದರೆ ಉನ್ಮಾದ–ಖಿನ್ನತೆ ಥರ ಅಂತ ವಾದಿಸಿದರು. ಮನೋವೈದ್ಯ ಟಿಮ್ ಕ್ರೋ ಅಂತೂ 1990ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯ ಭಾಷೆಗೆ ತೆತ್ತ ಬೆಲೆಯೇ ಸ್ಕಿಜೋಫ್ರೇನಿಯಾ ಅಂದುಬಿಟ್ಟರು.

ಬಾವಿಕಟ್ಟೆ:
ಬೆಲೆ ತೆತ್ತವು ಯಾರೋ, ಶಿಬಿರದ ಫೀ ತಗಂಬವು ಯಾರೋ.

ಅಘನಾಶಿನಿ ಅಳಿವೆ:
@ಚಂಡೆಪೆಟ್ಟು ಇತಿಹಾಸ ಸರಿ. ನೀವು ನಿಂತಲ್ಲಿಂದ ಮುಂದೆ ಲೆಕ್ಕ ಬದಲಾಯ್ತು. ಸಣ್ಣ ಸಣ್ಣ ಅಧ್ಯಯನಗಳಲ್ಲಿ ದೊಡ್ಡದಾಗಿ ಕಂಡ ವ್ಯತ್ಯಾಸ, ಜನ ಹೆಚ್ಚಿದ ಹಾಗೆ ಕರಗಿತು. ಹಲವು ದೇಶಗಳ ಸ್ಕ್ಯಾನ್ ಒಟ್ಟು ಸೇರಿಸಿ ನೋಡುವ ಎನಿಗ್ಮಾ ಒಕ್ಕೂಟ 2023ರಲ್ಲಿ ಸ್ಕಿಜೋಫ್ರೇನಿಯಾ ಇರುವ 5,080 ಮತ್ತು ಇಲ್ಲದ 6,015 ಜನರ ಎಡ–ಬಲ ಅಳತೆ ಹೋಲಿಸಿತು. ವ್ಯತ್ಯಾಸ ಸಿಕ್ಕಿತು, ಸುಳ್ಳಲ್ಲ. ಮೆದುಳಿನ ಒಳಮೈಯಲ್ಲಿರುವ ಸಿಂಗ್ಯುಲೇಟ್‌ನ ಮುಂತುದಿಯಲ್ಲಿ ಮತ್ತು ಟೆಂಪೊರಲ್ ಲೋಬ್‌ನ ನಡುಮಡಿಕೆಯಲ್ಲಿ ಎಡಗಡೆ ತೊಗಟೆ (ಮೆದುಳಿನ ಹೊರಪದರ) ತುಸು ತೆಳು, ಮೆದುಳಿನ ಆಳದ ಗಂಟಾದ ಪ್ಯಾಲಿಡಮ್‌ನ ಗಾತ್ರದಲ್ಲೂ ಎಡ–ಬಲ ಏರುಪೇರು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂದರೆ, ಎರಡು ಗುಂಪಿನ ಅಂತರ ಅಳೆಯುವ ಕೋಹೆನ್ ಡಿ ಸುಮಾರು 0.08.

ಈ 0.08 ಅಂದರೆ ಏನು ಅನ್ನೋದನ್ನು ಬಿಡಿಸಬೇಕು. ಎರಡು ಗುಂಪಿನ ಗ್ರಾಫ್ ಒಂದರ ಮೇಲೊಂದು ಇಟ್ಟರೆ ನೂರಕ್ಕೆ 97 ಭಾಗ ಒಂದೇ. ಕಾಯಿಲೆ ಇರುವ ಒಬ್ಬರ, ಇಲ್ಲದ ಒಬ್ಬರ ಸ್ಕ್ಯಾನ್ ಮುಂದಿಟ್ಟು ‘ಇದರಲ್ಲಿ ಯಾರದ್ದು ಯಾವುದು’ ಅಂತ ಈ ಅಳತೆಯಿಂದಲೇ ಹೇಳಿದರೆ ನೂರರಲ್ಲಿ 52 ಸಲ ಸರಿಯಾಗುತ್ತದೆ. ನಾಣ್ಯ ಚಿಮ್ಮಿದರೆ 50. ಆ ಎರಡು ಹೆಚ್ಚಿಗೆಗೆ ಸಾವಿರಾರು ಸ್ಕ್ಯಾನ್ ಬೇಕಾಯ್ತು.

ನಾಡದೋಣಿ (ಕಾರವಾರ):
ಅಷ್ಟು ಸಣ್ಣದಾದರೆ ಅಧ್ಯಯನ ಮಾಡೋದಾದರೂ ಯಾಕೆ?

ಅಘನಾಶಿನಿ ಅಳಿವೆ:
ಎಡ–ಬಲ ಭೇದ ಗರ್ಭದಲ್ಲೇ ಶುರುವಾಗುವ ಸಂಗತಿ. ಅದರಲ್ಲಿ ಸರಾಸರಿ ವ್ಯತ್ಯಾಸ ಇದ್ದರೂ, ಬೆಳವಣಿಗೆಯ ಯಾವ ಹಂತದಲ್ಲಿ, ಯಾವ ಜೀನ್‌ಗಳ ಕೆಲಸದಲ್ಲಿ ಹುಡುಕಬೇಕು ಅನ್ನೋ ಸುಳಿವು ಸಿಗುತ್ತದೆ. ಒಬ್ಬ ರೋಗಿಯ ಫೈಲಿಗೆ ಬರುವಂಥದ್ದಲ್ಲ ಅಷ್ಟೇ. ಖಿನ್ನತೆ ವಿಷಯಕ್ಕೆ ಬಂದರೆ ಅದೇ ಒಕ್ಕೂಟ 2019ರಲ್ಲಿ ಎಡ–ಬಲ ರಚನೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ ಅಂದಿತು. ಸ್ಕಿಜೋಫ್ರೇನಿಯಾಗೂ ಖಿನ್ನತೆಗೂ ಒಂದೇ ಹಗ್ಗ ಕಟ್ಟೋ ವಿಡಿಯೋ ಅಲ್ಲೇ ಬಿತ್ತು.

ಫಿಲ್ಮ್‌ಬಾಕ್ಸ್:
ಪ್ಯಾಲಿಡಮ್ ವಿಷಯದಲ್ಲಿ ಇನ್ನೊಂದು ತೊಡಕು. ಮನೋವಿಕಾರದ ಮಾತ್ರೆಗಳು, ಹಳೇ ತಲೆಮಾರಿನವು ಮುಖ್ಯವಾಗಿ, ಆ ಆಳದ ಗಂಟುಗಳ ಗಾತ್ರವನ್ನೇ ಬದಲಿಸುತ್ತವೆ. ಕಾಯಿಲೆಯದ್ದೆಷ್ಟು, ಮಾತ್ರೆಯದ್ದೆಷ್ಟು ಅಂತ ಬೇರ್ಪಡಿಸೋದು ಕಷ್ಟ.

ಮತ್ತೆ ಮನೆಯಲ್ಲಿ ಫಿಲ್ಮ್ ಹಿಡಿದು ನೋಡೋರಿಗೆ: ಫಿಲ್ಮ್‌ನ ಎಡಭಾಗ ಅಂದರೆ ರೋಗಿಯ ಬಲ. ಪಾದದ ಕಡೆ ನಿಂತು ನೋಡಿದ ಲೆಕ್ಕ. ಆದರೆ ಸಂಶೋಧನೆಯ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎಡ ಅಂದರೆ ಎಡವೇ. ಫೈಲ್ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಡ–ಬಲ ತಿರುಗಿ ಹೋಗುವ ಅಪಾಯ ಇರೋದ್ರಿಂದ ಎಷ್ಟೋ ಕಡೆ ಬಲ ಕಣತಲೆಗೆ ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸಿ ಸ್ಕ್ಯಾನ್ ಮಾಡ್ತಾರೆ. ಅದು ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿ ಕಾಣುತ್ತದೆ, ಬಲ ಯಾವುದು ಅನ್ನೋದಕ್ಕೆ ಮತ್ತೆ ತಕರಾರಿಲ್ಲ.

ಕಿವಿಮಾತು:
ರಚನೆ ಬಿಟ್ಟು ಕೆಲಸ ನೋಡಿ, ಅಲ್ಲಿ ವಿಷಯ ಹೆಚ್ಚು ರುಚಿಕರ. ಡೈಕಾಟಿಕ್ ಲಿಸನಿಂಗ್ ಅಂತ ಪರೀಕ್ಷೆ ಇದೆ, 1961ರಲ್ಲಿ ಡೊರೀನ್ ಕಿಮೂರಾ ಇದನ್ನು ಭಾಷೆಯ ಬದಿಗೆ ಜೋಡಿಸಿದ್ದು. ಹೆಡ್‌ಫೋನಿನಲ್ಲಿ ಒಂದೇ ಕ್ಷಣಕ್ಕೆ ಬಲಗಿವಿಗೆ ‘ಬ’, ಎಡಗಿವಿಗೆ ‘ಗ’ ಹಾಕ್ತಾರೆ, ಸ್ಪಷ್ಟವಾಗಿ ಕೇಳಿದ್ದು ಯಾವುದು ಅಂತ ಹೇಳಬೇಕು. ಬ, ದ, ಗ, ಪ, ತ, ಕ ಆರು ಅಕ್ಷರ, 36 ಜೋಡಿ. ಎರಡೂ ಕಿವಿಗೆ ಒಂದೇ ಅಕ್ಷರ ಬರುವ 6 ಜೋಡಿ ಕಿವಿ–ಗಮನ ಸರಿ ಇದೆಯಾ ನೋಡೋಕೆ, ಉಳಿದ 30 ಲೆಕ್ಕಕ್ಕೆ. ಹೆಚ್ಚಿನವರು ಬಲಗಿವಿಯದ್ದನ್ನು ಜಾಸ್ತಿ ಹೇಳ್ತಾರೆ, ಯಾಕಂದರೆ ಬಲಗಿವಿಯ ದಾರಿ ನೇರ ಎಡಮೆದುಳಿಗೆ. ಸ್ಕಿಜೋಫ್ರೇನಿಯಾ ಇರುವವರ ಗುಂಪಿನಲ್ಲಿ, ಅದರಲ್ಲೂ ಧ್ವನಿ ಕೇಳಿಸುವವರಲ್ಲಿ, ಈ ಬಲಗಿವಿ ಮೇಲುಗೈ ಸರಾಸರಿ ಕಡಿಮೆ.

ಕೆಡೋದು ಎಲ್ಲಿ ಅಂದರೆ ಕಿವಿಯಲ್ಲೇ. ಮೊದಲು ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಅನ್ನೋ ಪರೀಕ್ಷೆ) ಮಾಡದೆ ಶುರು ಮಾಡಿದರೆ, ಎರಡು ಕಿವಿಗೆ 10 ಡೆಸಿಬೆಲ್‌ಗಿಂತ ಹೆಚ್ಚು ಅಂತರ ಇದ್ದರೆ, ಅಂಕ ಮೆದುಳಿನದ್ದಲ್ಲ ಕಿವಿಯದ್ದಾಗುತ್ತದೆ. ಟ್ರಾಲರ್ ಎಂಜಿನ್ ಪಕ್ಕ ವರ್ಷಗಟ್ಟಲೆ ಒಂದೇ ಬದಿಗೆ ನಿಂತವರನ್ನು ಹಾಗೇ ಕೂರಿಸಿದರೆ ಫಲಿತಾಂಶ ಸುಳ್ಳು. ಅರ್ಧಕ್ಕೆ ಹೆಡ್‌ಫೋನ್ ಎಡ–ಬಲ ಅದಲುಬದಲು ಮಾಡಲೇಬೇಕು.

ಚಂಡೆಪೆಟ್ಟು:
ಇಂಗ್ಲಿಷ್ ಧ್ವನಿಮುದ್ರಣವನ್ನೇ ಇಲ್ಲಿ ಹಾಕಿದರೆ ನಡೆಯುತ್ತಾ?

ಕಿವಿಮಾತು:
ನಡೆಯಲ್ಲ. ಇಂಗ್ಲಿಷಿನವರ ‘ಪ’ದಲ್ಲಿ ಉಸಿರು ಜಾಸ್ತಿ, ಕನ್ನಡ–ಕೊಂಕಣಿ ಕಿವಿಗೆ ಅದು ಮಹಾಪ್ರಾಣದ ಹಾಗೆ ಕೇಳುತ್ತದೆ. ನಮ್ಮ ‘ಪ’ದಲ್ಲಿ ತುಟಿ ಬಿಟ್ಟ ಕೂಡಲೇ ಸ್ವರ, ನಮ್ಮ ‘ಬ’ದಲ್ಲಿ ತುಟಿ ಬಿಡುವ ಮೊದಲೇ ಗಂಟಲು ಗುಂಯ್ ಅನ್ನುತ್ತದೆ. ಉಸಿರಿನ ಈ ಅಂತರವೇ ಯಾವ ಕಿವಿ ಗೆಲ್ಲುತ್ತದೆ ಅನ್ನೋದನ್ನು ಎಳೆದಾಡುತ್ತದೆ. ಸ್ಥಳೀಯ ಮಾತುಗಾರರಿಂದ ಮುದ್ರಿಸಿ, ಆರೂ ಅಕ್ಷರದ ಉದ್ದ ಮತ್ತು ಜೋರು ಸಮ ಮಾಡಿಕೊಂಡೇ ಬಳಸಬೇಕು.

ನಾಡದೋಣಿ:
ಧ್ವನಿ ಕೇಳಿಸೋದು ಬಲಮೆದುಳಿನಿಂದ ಅಂತ ವಿಡಿಯೋದಲ್ಲಿ ಇದೆ. ಅದೂ ಸುಳ್ಳಾ?

ಅಘನಾಶಿನಿ ಅಳಿವೆ:
ಅರ್ಧ. 2008ರಲ್ಲಿ ನೆದರ್‌ಲ್ಯಾಂಡ್ಸ್ ತಂಡವೊಂದು ಧ್ವನಿ ಕೇಳಿಸುತ್ತಿರುವಾಗಲೇ, ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಎಫ್‌ಎಂಆರ್‌ಐ ಮಾಡಿತು. ಎಡಗಡೆ ಮಾತು ಹೊರಡಿಸುವ ಬ್ರೋಕಾ ಜಾಗಕ್ಕೆ ಸರಿಯಾಗಿ ಬಲಗಡೆ ಇರುವ ಭಾಗ ಜಾಸ್ತಿ ಕೆಲಸ ಮಾಡುತ್ತಿತ್ತು. ಅದೇ ಜನ ತಾವಾಗಿ ಪದ ಯೋಚಿಸಿದಾಗ ಎಡವೇ ಮುಂದೆ. ಅಂದರೆ ಬಲದ ಪಾಲು ಇದೆ, ಸವಾರಿ ಇಲ್ಲ. ಎರಡೂ ಬದಿಗಳ ನಡುವೆ ಸೇತುವೆಯಂಥ ಕಾರ್ಪಸ್ ಕಲೋಸಮ್‌ನಲ್ಲಿ ಸುಮಾರು 20 ಕೋಟಿ ನರತಂತು ಓಡುತ್ತವೆ. ಒಂದು ಬದಿ ಮಲಗಿ ಇನ್ನೊಂದು ಆಳೋ ಪ್ರಶ್ನೆಯೇ ಬರೋದಿಲ್ಲ.

ಬಾವಿಕಟ್ಟೆ:
ಎಡ–ಬಲ ಅಷ್ಟು ಲೆಕ್ಕಕ್ಕಿಲ್ಲೆ ಅಂದ್ರೆ ಖಿನ್ನತೆಗೆ ಮ್ಯಾಗ್ನೆಟ್ ಚಿಕಿತ್ಸೆ ಎಡಗಡೆಗೇ ಎಂತಕ್ಕೆ ಕೊಡ್ತ? ಉತ್ತರ ಕೊಡಿ ನೋಡ್ವ.

ಬೈತಖೋಲ್ ಗಾಳಿ:
ಒಳ್ಳೇ ಪಟ್ಟು ಹಾಕಿದ್ರಿ. ಎಡ ಹಣೆಭಾಗ ಮಂಕು ಅನ್ನೋ ಊಹೆಯ ಮೇಲೆ ಅದು 1990ರ ದಶಕದಲ್ಲಿ ಶುರುವಾಯ್ತು, ಹೌದು. ಆದರೆ ಬಲ ಹಣೆಭಾಗಕ್ಕೆ ನಿಧಾನ ಲಯದಲ್ಲಿ, ಸೆಕೆಂಡಿಗೆ ಒಂದು ಬಡಿತದಂತೆ ಕೊಟ್ಟರೂ ಹೆಚ್ಚುಕಮ್ಮಿ ಅಷ್ಟೇ ಗುಣ ಕಾಣುತ್ತದೆ. ಹಾಗಾಗಿ ‘ಮಲಗಿದ್ದನ್ನು ಎಬ್ಬಿಸೋದು’ ಅನ್ನೋ ವಿವರಣೆ ಸಾಲದು. ಅಲ್ಲಿಂದ ಒಳಗಿನ ಸಿಂಗ್ಯುಲೇಟ್ ಜಾಲಕ್ಕೆ ಹೋಗುವ ಸಂಪರ್ಕದ ಮೂಲಕ ಕೆಲಸ ಆಗುತ್ತದೆ ಅಂತ ಈಗಿನ ವಾದ.

ಮಾಮೂಲು ಕ್ರಮ ಹೀಗೆ. ಮೊದಲು ಎಡ ಮೋಟಾರ್ ಭಾಗದ (ಕೈಕಾಲು ಆಡಿಸುವ ಜಾಗ) ಮೇಲೆ ಮ್ಯಾಗ್ನೆಟ್ ಕಾಯಿಲ್ ಇಟ್ಟು, ಬಲ ಹೆಬ್ಬೆರಳು ಹತ್ತರಲ್ಲಿ ಐದು ಸಲ ಅದುರುವ ಕನಿಷ್ಠ ಶಕ್ತಿ ಕಂಡುಕೊಳ್ಳಬೇಕು. ಅದರ 120 ಶೇಕಡಾ ಶಕ್ತಿಯಲ್ಲಿ, ಎಡ ಹಣೆಭಾಗಕ್ಕೆ 10 ಹರ್ಟ್ಸ್, 4 ಸೆಕೆಂಡ್ ಬಡಿತ, 26 ಸೆಕೆಂಡ್ ಬಿಡುವು, ಒಟ್ಟು 3,000 ಬಡಿತ, 37 ನಿಮಿಷ ಚಿಲ್ಲರೆ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. 600 ಬಡಿತದ ಮೂರು ನಿಮಿಷದ ಥೀಟಾ ಬರ್ಸ್ಟ್ (ಗುಂಪು ಗುಂಪಾಗಿ ವೇಗದ ಬಡಿತ) ಕೂಡ ಅದಕ್ಕಿಂತ ಕಡಿಮೆಯಲ್ಲ ಅಂತ 2018ರಲ್ಲಿ ತೋರಿಸಿದರು. ಕಾಯಿಲ್ ಎರಡು ಸೆಂಟಿಮೀಟರ್ ಹಿಂದೆ ಸರಿದರೂ ಗುರಿ ತಪ್ಪುತ್ತದೆ. ಮೋಟಾರ್ ಜಾಗದಿಂದ 5 ಸೆಂ.ಮೀ. ಮುಂದೆ ಅನ್ನೋ ಹಳೇ ನಿಯಮದಲ್ಲಿ ಆಗುತ್ತಿದ್ದದ್ದೇ ಅದು, ದೊಡ್ಡ ತಲೆಗೂ ಚಿಕ್ಕ ತಲೆಗೂ ಒಂದೇ 5. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಹತ್ತಿರವೂ ಹೋಗಬಾರದು.

ಚಂಡೆಪೆಟ್ಟು:
ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಯ ದಾಖಲೆ) ಖಿನ್ನತೆ ಇರುವವರ ಎಡ ಹಣೆಯಲ್ಲಿ ಆಲ್ಫಾ ಅಲೆ ಕಡಿಮೆ ಅಂತ ಓದಿದ್ದೆ, ಅದು ಮಂಕು ಅನ್ನೋದಕ್ಕೆ ಸಾಕ್ಷಿ ಅಲ್ವಾ?

ಬೈತಖೋಲ್ ಗಾಳಿ:
ಉಲ್ಟಾ. ಎಡಕ್ಕೆ ಆಲ್ಫಾ *ಜಾಸ್ತಿ* ಅನ್ನೋದು ಆ ವಾದ, ಯಾಕಂದರೆ ಆಲ್ಫಾ ಹೆಚ್ಚಿದ್ದಲ್ಲಿ ಕೆಲಸ ಕಮ್ಮಿ. ಹಾಗೆ ನೋಡಿದರೂ 2017ರಲ್ಲಿ ಎಲ್ಲ ಅಧ್ಯಯನ ಸೇರಿಸಿ ನೋಡಿದಾಗ ರೋಗ ಗುರುತಿಸಲು ಅದು ನೆಚ್ಚುವಂಥದ್ದಲ್ಲ ಅಂತ ಬಂತು.

ಇಇಜಿ ಅಂದಾಗ ನೆನಪಾಯ್ತು: ಹಿಂದಿನ ರಾತ್ರಿ ತಲೆಗೆ ಶಾಂಪೂ ಹಾಕಿ ತೊಳೆಯಿರಿ, ಬೆಳಿಗ್ಗೆ ಕೊಬ್ಬರಿ ಎಣ್ಣೆ ಮುಟ್ಟಬೇಡಿ. ನಮ್ಮ ಕರಾವಳಿಯಲ್ಲಿ ಇದೇ ದೊಡ್ಡ ಸಮಸ್ಯೆ. ಎಣ್ಣೆ ಪದರ ಇದ್ದರೆ ಇಂಪಿಡೆನ್ಸ್ (ವಿದ್ಯುತ್ ತಡೆ) 5 ಕಿಲೋಓಮ್‌ಗೆ ಇಳಿಯೋದೇ ಇಲ್ಲ. ಎಡ ಎಲೆಕ್ಟ್ರೋಡ್ ಹಿಡಿದು ಬಲದ್ದು ಜಾರಿದರೆ ಅಲ್ಲೂ ಸುಳ್ಳು ‘ಅಸಮತೆ’. ಇಸಿಟಿಗೂ ಇದೇ ಮಾತು.

ಕೆರೆಕೋಡಿ:
ಇಸಿಟಿ ಅಂದರೆ ಕರೆಂಟ್ ಟ್ರೀಟ್‌ಮೆಂಟ್ ಅಲ್ವಾ? ಅದರಲ್ಲೂ ಎಡ–ಬಲ ಇದೆಯಾ?

ಬೈತಖೋಲ್ ಗಾಳಿ:
ಎಡ–ಬಲ ನಿಜಕ್ಕೂ ಲೆಕ್ಕಕ್ಕೆ ಬರೋದು ಅಲ್ಲೇ. ಎರಡೂ ಕಣತಲೆಗೆ ಇಡುವ ಕ್ರಮದಲ್ಲಿ ಗುಣ ಬೇಗ, ಮರೆವು ಜಾಸ್ತಿ. ಬಲಬದಿ ಕ್ರಮದಲ್ಲಿ ಒಂದು ಎಲೆಕ್ಟ್ರೋಡ್ ಬಲ ಕಣತಲೆಗೆ, ಇನ್ನೊಂದು ನಡುನೆತ್ತಿಯಿಂದ ತುಸು ಬಲಕ್ಕೆ. ಭಾಷೆ–ಮಾತಿನ ನೆನಪಿನ ಬದಿ ದೂರ ಉಳಿಯೋದ್ರಿಂದ ಮರೆವು ಕಡಿಮೆ. ಆದರೆ ಡೋಸ್ ತಪ್ಪಬಾರದು: ಎರಡು ಬದಿಗೆ ಸೆಳವಿನ ಮಿತಿಯ (ಸೆಳವು ಬರಲು ಬೇಕಾದ ಕನಿಷ್ಠ ವಿದ್ಯುತ್ತಿನ) ಒಂದೂವರೆ ಪಟ್ಟು ಸಾಕು, ಬಲಬದಿಗೆ ಸುಮಾರು ಆರು ಪಟ್ಟು ಬೇಕು. ಮಿತಿಯಷ್ಟೇ ಕೊಟ್ಟರೆ ಸೆಳವು ಚೆನ್ನಾಗಿಯೇ ಬರುತ್ತದೆ, ಖಿನ್ನತೆ ಮಾತ್ರ ಅಲ್ಲೇ ಇರುತ್ತದೆ. ‘ಬಲಬದಿ ಕೆಲಸ ಮಾಡಲ್ಲ’ ಅಂತ ಹೆಸರು ಕೆಟ್ಟಿದ್ದು ಬಹುಪಾಲು ಈ ಕಮ್ಮಿ ಡೋಸ್‌ನಿಂದ. ಪ್ರತಿ ಸಲ ಎಚ್ಚರವಾದ ಮೇಲೆ ಹೆಸರು, ಜಾಗ, ವಾರ ಸರಿಯಾಗಿ ಹೇಳೋಕೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿಡಿ. ಅದು ಏರುತ್ತಾ ಹೋದರೆ ಕ್ರಮ ಬದಲಿಸಲು ಮೊದಲ ಸೂಚನೆ.

ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡೋದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ನಿಷೇಧಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟೋದೂ ಅದೇ ಕಲಮಿನಲ್ಲಿ ನಿಷಿದ್ಧ.

ನಾಡದೋಣಿ:
ಎಡಗೈಯವರಿಗೆ ಎಡಬದಿಗೆ ಕೊಡಬೇಕಾ ಹಾಗಾದರೆ?

ಕಿವಿಮಾತು:
ಇಲ್ಲ. ಬಲಗೈಯವರಲ್ಲಿ ನೂರಕ್ಕೆ 95ರಷ್ಟು ಜನರಿಗೆ ಭಾಷೆ ಎಡಕ್ಕೆ, ಎಡಗೈಯವರಲ್ಲೂ ಸುಮಾರು 70 ಜನರಿಗೆ ಎಡಕ್ಕೇ. ಉಳಿದವರಲ್ಲಿ ಕೆಲವರಿಗೆ ಎರಡೂ ಕಡೆ, ಕೆಲವರಿಗೆ ಬಲಕ್ಕೆ. ಹಾಗಾಗಿ ಬಲಬದಿಯಿಂದಲೇ ಶುರು, ಗೊಂದಲ ಹೆಚ್ಚಾದರೆ ಆಗ ಯೋಚನೆ.

ಕೆರೆಕೋಡಿ:
ಎಡಗೈ ಮಕ್ಕಳ ವಿಚಾರ ಯಾರೂ ಮುಟ್ಟಿಲ್ಲ.

ಅಘನಾಶಿನಿ ಅಳಿವೆ:
ಸ್ಕಿಜೋಫ್ರೇನಿಯಾ ಇರುವವರಲ್ಲಿ ಎಡಗೈ ಅಥವಾ ಎರಡೂ ಕೈ ಬಳಸುವವರ ಪ್ರಮಾಣ ತುಸು ಹೆಚ್ಚು, ಇದು ಹಲವು ಸಲ ಸಿಕ್ಕ ಫಲಿತಾಂಶ. ಆದರೆ ಮಾತನ್ನು ತಿರುಗಿಸಿ ಓದಬಾರದು. ಲೋಕದಲ್ಲಿ ಎಡಗೈಯವರು ಹತ್ತರಲ್ಲಿ ಒಬ್ಬರು, ಸ್ಕಿಜೋಫ್ರೇನಿಯಾ ನೂರಕ್ಕೆ ಒಬ್ಬರಿಗೂ ಕಮ್ಮಿ. ಅಪಾಯ ಒಂದೂವರೆ ಪಟ್ಟು ಅಂತ ಹಿಡಿದರೂ ಎಡಗೈಯ ನೂರು ಮಕ್ಕಳಲ್ಲಿ 98–99 ಮಕ್ಕಳಿಗೆ ಈ ಕಾಯಿಲೆ ಬರೋದೇ ಇಲ್ಲ. ಬೈದು, ಹೊಡೆದು ಬಲಗೈಗೆ ತಿರುಗಿಸಿದರೆ ಮೆದುಳಿನಲ್ಲಿ ಭಾಷೆಯ ಬದಿ ಬದಲಾಗೋದೂ ಇಲ್ಲ.

ಚಂಡೆಪೆಟ್ಟು:
ಈ ಎಡಗೈ ಲೆಕ್ಕವೇ ನಮ್ಮಲ್ಲಿ ಸಂಶಯ. ಎಲ್ಲರೂ ಬಳಸೋದು 1971ರ ಎಡಿನ್‌ಬರಾ ಪ್ರಶ್ನಾವಳಿ. ಬರವಣಿಗೆ, ಚಿತ್ರ, ಎಸೆತ, ಕತ್ತರಿ, ಹಲ್ಲುಜ್ಜೋದು, ಚಾಕು, ಚಮಚ, ಪೊರಕೆ, ಬೆಂಕಿಕಡ್ಡಿ, ಡಬ್ಬಿ ಮುಚ್ಚಳ, ಹತ್ತು ಪ್ರಶ್ನೆ. ಬಲದಿಂದ ಎಡ ಕಳೆದು, ಒಟ್ಟಿನಿಂದ ಭಾಗಿಸಿ, 100ರಿಂದ ಗುಣಿಸೋದು. ಎಡಗೈಯಲ್ಲಿ ಬರೆದರೆ ಶಾಲೆಯಲ್ಲಿ ಬೈಗುಳ, ಎಡಗೈಯಲ್ಲಿ ಉಂಡರೆ ಪಂಕ್ತಿಯಲ್ಲೇ ಬೈಗುಳ ಇರುವ ಊರಿನಲ್ಲಿ ಬರವಣಿಗೆ ಮತ್ತು ಚಮಚದ ಉತ್ತರ ಅಪ್ಪ–ಅಮ್ಮನದ್ದು, ಮಗುವಿನದ್ದಲ್ಲ. ಸಮಾಜ ಕಣ್ಣಿಡದ ಕೆಲಸ ಕೇಳಬೇಕು: ಕಲ್ಲೆಸೆಯೋದು, ಸುತ್ತಿಗೆ, ಕೊಡದ ಹಗ್ಗ ಎಳೆಯುವಾಗ ಮೇಲಿನ ಕೈ, ಬೀಸುಬಲೆ ಎಸೆಯುವ ಕೈ, ಸೂಜಿಗೆ ದಾರ ಪೋಣಿಸೋದು. ಕೇಳೋದಕ್ಕಿಂತ ಮಾಡಿಸಿ ನೋಡೋದು ಇನ್ನೂ ಮೇಲು.

ಬಾವಿಕಟ್ಟೆ:
ಅಡಕೆ ಸುಲಿಯದನ್ನೂ ಸೇರ್ಸಿ. ಮೆಟ್ಟುಗತ್ತಿ ಮುಂದೆ ಕುಂತ್ರೆ ಯಾವ ಕೈ ಯಾರದ್ದು ಹೇಳಿ ಗೊತ್ತಾಗ್ತು.

ಚಂಡೆಪೆಟ್ಟು:
ಅದರಲ್ಲಿ ಎರಡೂ ಕೈಗೆ ಕೆಲಸ, ಅಂಕ ಹಾಕೋದು ಹೇಗೆ? ಬೇಡ.

ಬಾವಿಕಟ್ಟೆ:
ಬೇಡ ಅಂದವು ಸುಲಿದು ನೋಡಿಲ್ಲೆ. ಅಡಕೆ ಹಿಡಿದು ತಿರುಗ್ಸ ಕೈಯೇ ಲೆಕ್ಕಕ್ಕೆ.

ನಾಡದೋಣಿ:
ಉಸಿರಾಟ, ಯೋಗ ಪೂರ್ತಿ ಬಿಡಬೇಕು ಅಂತೀರಾ?

ಅಘನಾಶಿನಿ ಅಳಿವೆ:
ಯಾರೂ ಅಂದಿಲ್ಲ. ಹೊಳ್ಳೆಗಳು ಸರದಿಯಲ್ಲಿ ಕಟ್ಟಿ ಬಿಡೋದು 1895ರಿಂದಲೇ ದಾಖಲಾದ ಸಹಜ ಚಕ್ರ. ಅದರಿಂದ ಮೆದುಳಿನ ಬದಿ ‘ಆನ್–ಆಫ್’ ಆಗಿ ಸ್ಕಿಜೋಫ್ರೇನಿಯಾ ಹೋಗುತ್ತದೆ ಅನ್ನೋದಕ್ಕೆ ಆಧಾರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಔಷಧಿಯ *ಜೊತೆಗೆ* ಯೋಗ ಕೊಟ್ಟು ನೋಡಿದ್ದಾರೆ, ಮಂಕುತನ, ಒಂಟಿತನದಂಥ ಲಕ್ಷಣಗಳಿಗೆ ಉಪಯೋಗ ಕಂಡಿದೆ. ಅಪಾಯ ಇರೋದು ಶಿಬಿರದವರು ‘ಮಾತ್ರೆ ನಿಲ್ಲಿಸಿ ಬನ್ನಿ’ ಅಂದಾಗ. ಇನ್ನು 9 ವೋಲ್ಟ್ ಬ್ಯಾಟರಿ, ಸ್ಪಂಜು ಕೊಟ್ಟು ಮನೆಯಲ್ಲೇ ಟಿಡಿಸಿಎಸ್ (ತಲೆಗೆ ಸಣ್ಣ ಕರೆಂಟು ಹಾಯಿಸೋದು) ಮಾಡಿಕೊಳ್ಳಿ ಅನ್ನೋರೂ ಇದ್ದಾರೆ, ಅದನ್ನು ಮುಟ್ಟಬೇಡಿ.

ಬೈತಖೋಲ್ ಗಾಳಿ:
ಅದಕ್ಕೆ ಕಾರಣವನ್ನೂ ಬರೀತೀನಿ. ಧ್ವನಿ ಕೇಳಿಸೋದಕ್ಕೆ 2012ರಲ್ಲಿ ಫ್ರಾನ್ಸ್‌ನಲ್ಲಿ ಪರೀಕ್ಷಿಸಿದ ಕ್ರಮ: 2 ಮಿಲಿಆಂಪ್, 20 ನಿಮಿಷ, ದಿನಕ್ಕೆ ಎರಡು ಸಲ, ಐದು ದಿನ. ಧನ ಎಲೆಕ್ಟ್ರೋಡ್ ಎಡ ಹಣೆಗೆ, ಋಣ ಎಡ ಕಿವಿಯ ಮೇಲ್ಭಾಗಕ್ಕೆ. ವೈರ್ ಅದಲುಬದಲಾದರೆ ಪರಿಣಾಮ ತಿರುಗಬಹುದು. 35 ಚದರ ಸೆಂ.ಮೀ. ಸ್ಪಂಜಿಗೆ ಸಲೈನ್ ಬೇಕು, ನಲ್ಲಿ ನೀರಲ್ಲ. ಒಣಗಿದರೆ ಚರ್ಮ ಸುಡುತ್ತದೆ, ತೊಟ್ಟಿಕ್ಕಿದರೆ ಕರೆಂಟು ಮೆದುಳಿಗೆ ಹೋಗೋ ಬದಲು ಚರ್ಮದ ಮೇಲೇ ಹರಿದು ಹೋಗುತ್ತದೆ. ಏಪ್ರಿಲ್–ಮೇ ಬೆವರಿನಲ್ಲಿ ಆಸ್ಪತ್ರೆಯಲ್ಲೇ ಇದನ್ನು ಸಂಭಾಳಿಸೋದು ಸುಲಭವಲ್ಲ.

ನಾಡದೋಣಿ:
ಬೆವರಿನ ಮಾತು ಬಂತು, ವಿಷಯ ಬಿಟ್ಟು ಒಂದು ಪ್ರಶ್ನೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ತಗೊಳ್ಳೋರು ದೋಣಿಗೆ ಹೋಗಬಹುದಾ?

ಅಘನಾಶಿನಿ ಅಳಿವೆ:
ಡಾಕ್ಟರಿಗೆ ಹೇಳಿಯೇ ಹೋಗಬೇಕು. ಬೆವರು, ವಾಂತಿ, ಭೇದಿಯಲ್ಲಿ ನೀರು–ಉಪ್ಪು ಹೋದರೆ ಮೂತ್ರಪಿಂಡ ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ, ಮಟ್ಟ ಏರುತ್ತದೆ. ನೀರು ಧಾರಾಳ ಕುಡಿಯಿರಿ, ಗಂಜಿಗೆ ಹಾಕುವ ಉಪ್ಪು ದಿಢೀರ್ ಬಿಡಬೇಡಿ. ಮೈಕೈ ನೋವಿಗೆ ಐಬುಪ್ರೊಫೇನ್, ಡಿಕ್ಲೋಫೆನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು. ಕೈ ಜೋರಾಗಿ ನಡುಗೋದು, ತೊದಲು, ತೂರಾಟ, ಭೇದಿ ಕಂಡರೆ ಮುಂದಿನ ಡೋಸ್ ನಿಲ್ಲಿಸಿ ಆಸ್ಪತ್ರೆಗೆ. ಕುಡಿದವರ ಹಾಗೆ ಕಾಣೋದ್ರಿಂದ ಜೊತೆಗಿದ್ದವರು ಬೈದು ಮಲಗಿಸಿಬಿಡೋ ಅಪಾಯ ಇದೆ.

ಕೆರೆಕೋಡಿ:
ಮಳೆಗಾಲಕ್ಕೂ ಒಂದು ಮಾತು ಸೇರಿಸಿ. ದೇವಿಮನೆ ಘಾಟಿಯೋ ಹೆದ್ದಾರಿಯೋ ಬಂದ್ ಆದರೆ ಮಾತ್ರೆ ತರೋದು ಹೇಗೆ ಅನ್ನೋದು ಇಲ್ಲಿನ ನಿಜವಾದ ತಲೆಬಿಸಿ.

ಬೈತಖೋಲ್ ಗಾಳಿ:
ಜೂನ್‌ಗೆ ಮೊದಲೇ ಎರಡು ವಾರದ ಹೆಚ್ಚಿನ ದಾಸ್ತಾನು ಬರೆಸಿಕೊಳ್ಳಿ. ಮುಖ್ಯವಾಗಿ ಸ್ಕಿಜೋಫ್ರೇನಿಯಾದ ಮಾತ್ರೆ ಕ್ಲೋಜಪಿನ್: 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೇ ಡೋಸ್‌ಗೆ ನೇರ ಮರಳಬಾರದು, ರಕ್ತದೊತ್ತಡ ಕುಸಿದು ಬೀಳ್ತಾರೆ. ಡಾಕ್ಟರ ಸಲಹೆಯಲ್ಲಿ ಮತ್ತೆ 12.5 ಮಿಲಿಗ್ರಾಂನಿಂದ ಏರಿಸಬೇಕು. ಮೊದಲ 18 ವಾರ ವಾರಕ್ಕೊಮ್ಮೆ ರಕ್ತಕಣ ಎಣಿಕೆ, ಆ ಅವಧಿ ಮಳೆಗಾಲಕ್ಕೆ ಬೀಳದ ಹಾಗೆ ಶುರು ಮಾಡೋದು ಜಾಣತನ. ರಸ್ತೆ ಇಲ್ಲದಾಗ ಸಲಹೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ನಾಡದೋಣಿ:
ಲಿಥಿಯಂ ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಫಿಲ್ಮ್‌ಬಾಕ್ಸ್:
ಬೇಡ, ತಿಂಡಿ ತಿನ್ನಬಹುದು. ರಾತ್ರಿ ಮಾತ್ರೆ ತಗೊಂಡು ಸರಿಯಾಗಿ 12 ಗಂಟೆ ಆದಮೇಲೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಮತ್ತೆ ಲ್ಯಾಬಿನವರು ಹಸಿರು ಮುಚ್ಚಳದ ಟ್ಯೂಬ್ ತೆಗೆದರೆ ತಡೆಯಿರಿ. ಅದರಲ್ಲಿ ಹೆಚ್ಚಾಗಿ ಲಿಥಿಯಂ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋದು) ಇರುತ್ತದೆ, ಮಟ್ಟ ಸುಮ್ಮನೆ ಮೇಲೆ ತೋರಿಸುತ್ತದೆ.